ಹಳೆಯ ಆಟೋಮ್ಯಾಟಿಕ್ ಕಾರಿಗೆ ಅಗ್ಗದ ಓಬಿಡಿ ಅಡಾಪ್ಟರ್: ಬಳ್ಳಾರಿಯಲ್ಲಿ ಎಷ್ಟು ಉಪಯೋಗ?

ಹತ್ತು ಹದಿನೈದು ವರ್ಷ ಓಡಿದ ಆಟೋಮ್ಯಾಟಿಕ್ ಕಾರು ಗಿಯರ್ ಬದಲಿಸುವಾಗ ಜರ್ಕ್ ಹೊಡೆಯತೊಡಗಿದರೆ, ಅಥವಾ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಸದ್ದು ಏರಿಯೂ ಗಾಡಿ ಎಳೆಯದಿದ್ದರೆ, ಬಳ್ಳಾರಿಯಲ್ಲಿ ಕೇಳಿಬರುವ ಮೊದಲ ಮಾತು "ಬಾಕ್ಸ್ ಇಳಿಸ್ಬೇಕ್ರೀ ಸರ" ಎಂಬುದೇ. ಮ್ಯಾನುಯಲ್ ಗಾಡಿಯ ಕ್ಲಚ್ ಪ್ಲೇಟು, ಬೇರಿಂಗು ಬದಲಿಸುವುದರಲ್ಲಿ ಪಳಗಿದ ಕೈಗಳು ಇಲ್ಲಿ ಬೇಕಾದಷ್ಟಿವೆ. ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ಗಿಯರ್ ಬಾಕ್ಸಿಗೆ ದಾಟಿಸುವ ಭಾಗ) ಇರುವ ಬಾಕ್ಸ್ ಬಿಚ್ಚಿ ಜೋಡಿಸಿದ ಅನುಭವ ಇರುವವರು ಕಡಿಮೆ. ಹಾಗಾಗಿ ಗಾಡಿ ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗಬೇಕಾಗುತ್ತದೆ. ಬೆಂಗಳೂರು ಮುನ್ನೂರು ಕಿ.ಮೀ.ಗೂ ದೂರ. ಮುಂಚಕ್ರ ಎಳೆಯುವ ಆಟೋಮ್ಯಾಟಿಕ್ ಗಾಡಿಯನ್ನು ಹಗ್ಗ ಕಟ್ಟಿ ಎಳೆದೊಯ್ಯುವಂತಿಲ್ಲ. ಎಂಜಿನ್ ನಿಂತಿದ್ದರೆ ಬಾಕ್ಸಿನ ಆಯಿಲ್ ಪಂಪೂ ನಿಂತಿರುತ್ತದೆ, ಚಕ್ರ ಉರುಳಿದಷ್ಟೂ ಒಳಗೆ ಒಣ ಸವೆತ. ಫ್ಲ್ಯಾಟ್‌ಬೆಡ್ ಲಾರಿಯೇ ಬೇಕು. ಅಷ್ಟೆಲ್ಲ ಖರ್ಚಾದ ಮೇಲೆ ದೋಷ ಬ್ರೇಕ್ ಲೈಟ್ ಸ್ವಿಚ್ಚಿನದು ಎಂದು ತಿಳಿದರೆ ಹೊಟ್ಟೆ ಉರಿಯುತ್ತದೆ.

ಆ ಖರ್ಚಿಗೆ ಮೊದಲು ಮನೆಯ ಮುಂದೆಯೇ ಎಷ್ಟು ಪತ್ತೆ ಮಾಡಬಹುದು ಎನ್ನುವ ಪ್ರಶ್ನೆ ಇಟ್ಟುಕೊಂಡು, ಫೋನಿಗೆ ಜೋಡಿಸುವ ಇಎಲ್‌ಎಂ327 ಮಾದರಿಯ ಓಬಿಡಿ ಅಡಾಪ್ಟರನ್ನು (ಗಾಡಿಯ ಕಂಪ್ಯೂಟರಿನಲ್ಲಿರುವ ದೋಷದ ಕೋಡನ್ನೂ ಅಂಕಿಗಳನ್ನೂ ಫೋನಿಗೆ ತರುವ ಪುಟ್ಟ ಡಬ್ಬಿ) ಇಲ್ಲಿ ತೂಗಿ ನೋಡಿದ್ದೇವೆ. ನಮ್ಮ ತೀರ್ಪು ಮೊದಲೇ ಹೇಳಿಬಿಡುತ್ತೇವೆ: ಒಳ್ಳೆಯ ಚಿಪ್ ಇರುವ ಅಡಾಪ್ಟರ್ ಆದರೆ ಕೊಳ್ಳಿ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಆದರೆ ಅದರ ಬೆಲೆ ಇರುವುದು ಅದು ತೋರಿಸುವ ಕೋಡಿನಲ್ಲಿ ಅಲ್ಲ. ಓಡುವಾಗ ಬರುವ ಅಂಕಿಗಳಲ್ಲಿ. ಗಿಯರ್ ಬಾಕ್ಸಿನ ಆಯಿಲ್ ಮಟ್ಟ ತೋರಿಸುವ ಡಿಪ್‌ಸ್ಟಿಕ್ ಎಳೆದು ನೋಡದೆ ಅಡಾಪ್ಟರ್ ಚುಚ್ಚುವುದರಿಂದ ಏನೂ ಗಿಟ್ಟುವುದಿಲ್ಲ.

ಯಾವುದನ್ನು ಕೊಳ್ಳಬೇಕು

ಇಎಲ್‌ಎಂ327 ಎಂಬುದು ಕೆನಡಾದ ಇಎಲ್‌ಎಂ ಎಲೆಕ್ಟ್ರಾನಿಕ್ಸ್ ತಯಾರಿಸಿದ ಚಿಪ್. ಅದರ ಮೊದಲ ಆವೃತ್ತಿಗೆ ನಕಲು ತಡೆ ಇರಲಿಲ್ಲ, ಹಾಗಾಗಿ ನಕಲು ಪ್ರಪಂಚವೆಲ್ಲ ಹರಡಿತು. ಆ ಕಂಪನಿ 2022ರಲ್ಲಿ ಬಾಗಿಲು ಹಾಕಿದೆ. ಈಗ ಆನ್‌ಲೈನಿನಲ್ಲಿ ಆ ಹೆಸರಿನಲ್ಲಿ ಸಿಗುವ ಅಗ್ಗದ ಮಾಲೆಲ್ಲ ನಕಲೇ. ಡಬ್ಬಿಯ ಮೇಲೆ "ವಿ1.5" ಎಂದು ಬರೆದಿರುತ್ತದಲ್ಲ, ಮೂಲ ಕಂಪನಿ ಆ ಸಂಖ್ಯೆಯ ಆವೃತ್ತಿಯನ್ನು ತಯಾರಿಸಿಯೇ ಇಲ್ಲ. ವಿಚಿತ್ರವೆಂದರೆ ಬಳಕೆಯಲ್ಲಿ "ವಿ1.5" ಎಂದು ಬರೆದ ನಕಲು ಹಲವು ಸಲ ಚೆನ್ನಾಗಿ ಕೆಲಸ ಮಾಡುತ್ತದೆ, "ವಿ2.1" ಎಂದು ಬರೆದದ್ದು ಕೈಕೊಡುತ್ತದೆ. ಎರಡನೆಯದರಲ್ಲಿ ಹಲವು ಆಜ್ಞೆಗಳನ್ನೇ ಕಿತ್ತುಹಾಕಿರುತ್ತಾರೆ. ಹಳೆಯ ಗಾಡಿಗಳ ಕೆ-ಲೈನ್ (ಗಾಡಿಯ ಕಂಪ್ಯೂಟರಿನ ಜೊತೆ ಮಾತಾಡುವ ಹಳೆಯ ಬಗೆಯ ತಂತಿ) ಸಂಪರ್ಕ ಅದರಲ್ಲಿ ಕೂಡುವುದೇ ಇಲ್ಲ, ಕೂಡಿದರೂ ನಡುವೆ ಕಡಿದುಹೋಗುತ್ತದೆ.

ನೋಡಿ ಕೊಳ್ಳಬೇಕಾದದ್ದು ಒಳಗಿನ ಚಿಪ್ಪಿನ ಹೆಸರು: ಮಾರುವವರು ಪಿಐಸಿ18ಎಫ್25ಕೆ80 ಎಂದು ಸ್ಪಷ್ಟವಾಗಿ ಬರೆದಿದ್ದರೆ ಭರವಸೆ ಇಡಬಹುದು. ಬೆರಳುದ್ದದ ನೀಲಿ ಪಾರದರ್ಶಕ ಪುಟ್ಟ ಡಬ್ಬಿಗಳನ್ನು ಹಳೆಯ ಗಾಡಿಗೆ ನಾವು ಸೂಚಿಸುವುದಿಲ್ಲ. ಇನ್ನೂ ಸ್ವಲ್ಪ ಹೆಚ್ಚು ಹಾಕಲು ಸಿದ್ಧರಿದ್ದರೆ ವೀಗೇಟ್‌ನ ವಿಲಿಂಕರ್ ಸಾಲು ಒಳ್ಳೆಯದು. ಓಬಿಡಿಲಿಂಕ್ ಅದಕ್ಕೂ ಮೇಲಿನದು, ಬೆಲೆಯೂ ಹಾಗೆಯೇ. ಐಫೋನ್ ಇದ್ದವರು ಸಾದಾ ಬ್ಲೂಟೂತ್ ಅಡಾಪ್ಟರ್ ಕೊಳ್ಳಬೇಡಿ, ಅದು ಐಫೋನಿಗೆ ಜೋಡಣೆಯಾಗುವುದಿಲ್ಲ. ಬ್ಲೂಟೂತ್ ಎಲ್‌ಇ ಇರುವುದು ಅಥವಾ ವೈಫೈ ಇರುವುದು ಬೇಕು. ಆ್ಯಪ್‌ಗಳಲ್ಲಿ ಟಾರ್ಕ್ ಪ್ರೊ ಆಂಡ್ರಾಯ್ಡ್‌ಗೆ ಮಾತ್ರ, ಕಾರ್ ಸ್ಕ್ಯಾನರ್ ಎರಡಕ್ಕೂ ಸಿಗುತ್ತದೆ. ಗಿಯರ್ ಬಾಕ್ಸ್ ಕೆಲಸಕ್ಕೆ ನಾವು ಎರಡನೆಯದನ್ನೇ ಹೇಳುತ್ತೇವೆ: ಅದರಲ್ಲಿ ಗಾಡಿಯ ಬ್ರ್ಯಾಂಡ್ ಪ್ರಕಾರ ಪ್ರೊಫೈಲ್ ಆರಿಸಿಕೊಂಡರೆ ಕೆಲವು ಗಾಡಿಗಳಲ್ಲಿ ಗಿಯರ್ ಬಾಕ್ಸ್ ಕಂಪ್ಯೂಟರಿನ ಒಳಗಿನ ಅಂಕಿಗಳೂ ಬರುತ್ತವೆ.

ಬ್ಲೂಟೂತ್ ಜೋಡಣೆಗೆ ಪಿನ್ 1234 ಅಥವಾ 0000. ಕೆಲಸ ಮುಗಿದ ಕೂಡಲೇ ಅಡಾಪ್ಟರ್ ಕಿತ್ತಿಡಿ. ಪೋರ್ಟಿನ 16ನೇ ಪಿನ್ನಿಗೆ ಕೀ ತೆಗೆದರೂ ಬ್ಯಾಟರಿಯ ಕರೆಂಟ್ ಇರುತ್ತದೆ. ಅಡಾಪ್ಟರ್ 40 ಮಿಲಿಆಂಪ್ ಎಳೆದರೂ ದಿನಕ್ಕೆ ಹತ್ತಿರ ಹತ್ತಿರ 1 ಆಂಪಿಯರ್-ಅವರ್ ಹೋಗುತ್ತದೆ. 35 ಆಂಪಿಯರ್-ಅವರ್‌ನ ಹಳೆಯ ಬ್ಯಾಟರಿ ಎರಡು ಮೂರು ವಾರ ನಿಂತರೆ ಸ್ಟಾರ್ಟ್ ಆಗದು. ಮೇ ತಿಂಗಳ ಬಿಸಿಲಲ್ಲಿ ಗಾಜು ಮುಚ್ಚಿ ನಿಲ್ಲಿಸಿದ ಗಾಡಿಯೊಳಗಿನ ಶಾಖವನ್ನು ಆ ಪ್ಲಾಸ್ಟಿಕ್ ಡಬ್ಬಿ ಬಹಳ ಕಾಲ ತಡೆಯುವುದೂ ಇಲ್ಲ.

ನಿಮ್ಮ ಗಾಡಿ ಉತ್ತರ ಕೊಡುತ್ತದೆಯೇ

ಸ್ಟೀರಿಂಗ್ ಕೆಳಗೆ 16 ಪಿನ್ನಿನ ಪೋರ್ಟ್ ಇದ್ದ ಮಾತ್ರಕ್ಕೆ ಓಬಿಡಿ ಪೂರ್ತಿ ಇದೆ ಎಂದಲ್ಲ. ನಮ್ಮ ದೇಶದಲ್ಲಿ ಬಿಎಸ್4 (ಹೊಗೆ ನಿಯಂತ್ರಣದ ಭಾರತ್ ಸ್ಟೇಜ್ 4 ಮಾನದಂಡ) ಕಾರುಗಳಿಗೆ ಓಬಿಡಿಯ ಮೊದಲ ಹಂತ 2010ರ ಏಪ್ರಿಲ್‌ನಿಂದ, ಎರಡನೆಯ ಹಂತ 2013ರ ಏಪ್ರಿಲ್‌ನಿಂದ ಕಡ್ಡಾಯವಾಯಿತು. ಬಿಎಸ್4 ಆದರೋ ಮೊದಲು ದೊಡ್ಡ ನಗರಗಳಿಗೆ ಬಂದು, ದೇಶಾದ್ಯಂತ ಕಡ್ಡಾಯವಾದದ್ದು 2017ರ ಏಪ್ರಿಲ್‌ನಲ್ಲಿ. ಆದ್ದರಿಂದ ಕೆಎ 34 ನಂಬರಿನ ಹಳೆಯ ಗಾಡಿಗಳಲ್ಲಿ ಬಿಎಸ್3 ಇರುವುದುಂಟು. ಆರ್‌ಸಿ ಕಾರ್ಡಿನಲ್ಲಿ ಒಮ್ಮೆ ನೋಡಿಕೊಳ್ಳಿ. ಅಂಥ ಗಾಡಿಯೂ ಉತ್ತರ ಕೊಡಬಹುದು, ಆದರೆ ಎಲ್ಲ ಅಂಕಿ ಕೊಡುವುದಿಲ್ಲ.

ಪೋರ್ಟಿನೊಳಗೆ ಟಾರ್ಚ್ ಹಾಕಿ ನೋಡಿದರೆ ಅರ್ಧ ವಿಷಯ ಅಲ್ಲೇ ಗೊತ್ತಾಗುತ್ತದೆ. 6 ಮತ್ತು 14ನೇ ಜಾಗದಲ್ಲಿ ತಾಮ್ರದ ಪಿನ್ನಿದ್ದರೆ ಕ್ಯಾನ್ ಎಂಬ ಹೊಸ ಬಗೆಯ ಸಂಪರ್ಕ ಇರುವ ಸಾಧ್ಯತೆ, ಅಂಕಿಗಳು ಚುರುಕಾಗಿ ಬರುತ್ತವೆ. ಅವಿಲ್ಲದೆ 7ನೆಯದು ಮಾತ್ರ ಇದ್ದರೆ ಕೆ-ಲೈನ್, ಅದು ನಿಧಾನ. ಕೆ-ಲೈನ್ ಗಾಡಿಯಲ್ಲಿ ಒಮ್ಮೆಗೆ ಹತ್ತು ಅಂಕಿ ತೆರೆದಿಟ್ಟರೆ ಪ್ರತಿಯೊಂದೂ ಹಲವು ಸೆಕೆಂಡಿಗೊಮ್ಮೆ ಬದಲಾಗುತ್ತದೆ, ಗಿಯರ್ ಬದಲಾವಣೆ ಅಷ್ಟರಲ್ಲಿ ಮುಗಿದಿರುತ್ತದೆ. ಎರಡು ಮೂರು ಮಾತ್ರ ಇಟ್ಟುಕೊಳ್ಳಿ: ಆರ್‌ಪಿಎಂ (ನಿಮಿಷಕ್ಕೆ ಎಂಜಿನ್ ಸುತ್ತು), ವೇಗ, ಥ್ರಾಟಲ್ (ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು).

ಚುಚ್ಚುವ ಮುನ್ನ

ಆಟೋಮ್ಯಾಟಿಕ್ ಬಾಕ್ಸಿನಲ್ಲಿ ಎಟಿಎಫ್ (ಬಾಕ್ಸಿನ ಆಯಿಲ್) ಬರೀ ಜಾರುಎಣ್ಣೆಯಲ್ಲ. ಕ್ಲಚ್ ಪ್ಲೇಟುಗಳನ್ನು ಒತ್ತಿ ಹಿಡಿಯುವುದೂ ಅದೇ, ಟಾರ್ಕ್ ಕನ್ವರ್ಟರಿನೊಳಗೆ ಎಂಜಿನ್ ಶಕ್ತಿ ದಾಟಿಸುವುದೂ ಅದೇ. ಮಟ್ಟ ಕಡಿಮೆಯಾದರೆ ಪಂಪು ಗಾಳಿ ಎಳೆದುಕೊಳ್ಳುತ್ತದೆ, ಒತ್ತಡ ಬೀಳುತ್ತದೆ, ಪ್ಲೇಟು ಜಾರಿ ಸುಡುತ್ತದೆ. ಹೆಚ್ಚಾದರೂ ಅದೇ ಗತಿ, ಏಕೆಂದರೆ ತಿರುಗುವ ಭಾಗಗಳು ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತವೆ.

ಮಟ್ಟ ನೋಡುವ ಕ್ರಮ ಹೀಗೆ. ಅರ್ಧ ಗಂಟೆ ಓಡಿಸಿ ಬಾಕ್ಸ್ ಬಿಸಿ ಮಾಡಿ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಬ್ರೇಕ್ ಒತ್ತಿ ಹಿಡಿದು, ಲಿವರನ್ನು ಪಿ, ಆರ್, ಎನ್, ಡಿ ಎಲ್ಲದರಲ್ಲೂ ಎರಡು ಮೂರು ಸೆಕೆಂಡು ನಿಲ್ಲಿಸಿ ಹಿಂದಕ್ಕೆ ತನ್ನಿ. ಟೊಯೋಟಾದಂಥ ಗಾಡಿಗಳಲ್ಲಿ ಎಂಜಿನ್ ಓಡುತ್ತಿರುವಾಗಲೇ ಡಿಪ್‌ಸ್ಟಿಕ್ ಎಳೆಯಬೇಕು. ಪಿ ಯಲ್ಲೋ ಎನ್ ನಲ್ಲೋ ಎಂಬುದನ್ನು ಕೈಪಿಡಿಯೇ ಹೇಳುತ್ತದೆ. ಹೋಂಡಾದಲ್ಲಿ ಉಲ್ಟಾ: ಎಂಜಿನ್ ಆರಿಸಿ ಒಂದರಿಂದ ಒಂದೂವರೆ ನಿಮಿಷದೊಳಗೆ ನೋಡಬೇಕು. ಹೋಂಡಾ ಸಿಟಿಯನ್ನು ಎಂಜಿನ್ ಓಡುವಾಗ ನೋಡಿ "ಕಡಿಮೆ ಇದೆ" ಎಂದು ಅರ್ಧ ಲೀಟರ್ ಸುರಿಯುವುದು ಗ್ಯಾರೇಜುಗಳಲ್ಲಿ ಸಾಮಾನ್ಯ ತಪ್ಪು. ಒರೆಸಲು ನೂಲು ಬಿಡದ ಬಟ್ಟೆ ಬೇಕು, ವೇಸ್ಟ್ ಕಾಟನ್ ಬೇಡವೇ ಬೇಡ. ಒಂದು ಎಳೆ ಒಳಗೆ ಹೋದರೂ ಆಯಿಲ್ ಹರಿವನ್ನು ತಿರುಗಿಸುವ ವಾಲ್ವ್ ಬಾಡಿಯ ಸಣ್ಣ ದಾರಿಯಲ್ಲಿ ಕೂತುಕೊಳ್ಳುತ್ತದೆ.

ಎರಡು ಹನಿ ಬಿಳಿ ಹಾಳೆಯ ಮೇಲೆ ಬಿಡಿ. ಒಳ್ಳೆಯ ಎಟಿಎಫ್ ದಾಳಿಂಬೆ ರಸದ ಹಾಗೆ ತಿಳಿ ಕೆಂಪು. ಕಂದು ಬಣ್ಣಕ್ಕೆ ತಿರುಗಿದ್ದರೆ ಹಳತಾಗಿದೆ. ಕಪ್ಪಾಗಿ ಸುಟ್ಟ ವಾಸನೆ ಬಂದರೆ ಕ್ಲಚ್ ಪ್ಲೇಟಿನ ಲೈನಿಂಗ್ ಸುಟ್ಟಿದೆ ಎಂದರ್ಥ, ಆಗ ಯಾವ ಅಡಾಪ್ಟರೂ ಒಳ್ಳೆಯ ಸುದ್ದಿ ಕೊಡಲಾರದು. ಹಾಳೆಯಲ್ಲಿ ಹೊಳೆಯುವ ಕಣ ಕಂಡರೆ ಲೋಹ ಸವೆಯುತ್ತಿದೆ. ನೊರೆ ಕಟ್ಟಿದ ಮಬ್ಬು ಗುಲಾಬಿ ಬಣ್ಣ ಇದ್ದರೆ ರೇಡಿಯೇಟರಿನೊಳಗಿನ ಎಟಿಎಫ್ ಕೂಲರ್ ಒಡೆದು ಕೂಲೆಂಟ್ ಬೆರೆತಿದೆ. ಆ ಗಾಡಿಯನ್ನು ಅಲ್ಲೇ ನಿಲ್ಲಿಸಿ, ಒಂದು ಕಿ.ಮೀ. ಕೂಡ ಓಡಿಸಬೇಡಿ. ನೀರು ತಾಕಿದ ಕ್ಲಚ್ ಲೈನಿಂಗ್ ಅಂಟು ಬಿಟ್ಟು ಏಳುತ್ತದೆ.

ಆಮೇಲೆ ಬ್ಯಾಟರಿ. ರಾತ್ರಿ ನಿಂತ ಗಾಡಿಯಲ್ಲಿ 12.6 ವೋಲ್ಟ್ ಆಸುಪಾಸು, ಎಂಜಿನ್ ಓಡುವಾಗ 13.8ರಿಂದ 14.5 ಇರಬೇಕು. ಅಡಾಪ್ಟರೇ ಇದನ್ನು ತೋರಿಸುತ್ತದೆ, ಮಲ್ಟಿಮೀಟರಿಗಿಂತ ಸ್ವಲ್ಪ ಹೆಚ್ಚುಕಡಿಮೆ ಇರುತ್ತದೆ. ವೋಲ್ಟೇಜ್ ಕುಸಿದರೆ ಸೊಲೆನಾಯ್ಡ್ (ಕರೆಂಟಿನಿಂದ ಆಯಿಲ್ ದಾರಿ ತೆರೆದು ಮುಚ್ಚುವ ವಾಲ್ವ್) ಕೋಡುಗಳು ಸುಳ್ಳಾಗಿ ಬರುತ್ತವೆ. ಬಾಕ್ಸಿನಿಂದ ಬಾಡಿಗೆ ಹೋಗುವ ಅರ್ಥ್ ವೈರಿನ ಬೋಲ್ಟ್ ತುಕ್ಕು ಹಿಡಿದಿದ್ದರೂ ಹಾಗೆಯೇ. ಇದನ್ನು ಮೊದಲು ಉಜ್ಜಿ ಬಿಗಿ ಮಾಡಿ.

ಕೋಡುಗಳು: ಎಷ್ಟು ನಂಬಬೇಕು

ಅಗ್ಗದ ಅಡಾಪ್ಟರಿನ ಬಗ್ಗೆ ಬರುವ ದೊಡ್ಡ ದೂರು ಇಲ್ಲಿದೆ. ಪಿ0700 ಎಂದು ತೋರಿಸಿ ಸುಮ್ಮನಾಗುತ್ತದೆ. ಅದು ಅಡಾಪ್ಟರಿನ ತಪ್ಪಲ್ಲ. ಪಿ0700 ಎಂಬುದು ಎಂಜಿನ್ ಕಂಪ್ಯೂಟರ್ ಹೇಳುವ ಮಾತು: "ಗಿಯರ್ ಬಾಕ್ಸ್ ಕಂಪ್ಯೂಟರಿನಲ್ಲಿ ಏನೋ ದಾಖಲಾಗಿದೆ, ಅದನ್ನು ಕೇಳಿ" ಎಂದಷ್ಟೇ ಅದರ ಅರ್ಥ. ಅಸಲಿ ಕೋಡ್ ಗಿಯರ್ ಬಾಕ್ಸ್ ಕಂಪ್ಯೂಟರಿನಲ್ಲಿ ಕೂತಿರುತ್ತದೆ. ಬ್ರ್ಯಾಂಡ್ ಪ್ರೊಫೈಲ್ ಆರಿಸಿ ಮತ್ತೆ ಸ್ಕ್ಯಾನ್ ಮಾಡಿದರೆ ಹಲವು ಗಾಡಿಗಳಲ್ಲಿ ಸಿಗುತ್ತದೆ, ಕೆಲವದರಲ್ಲಿ ಸಿಗುವುದಿಲ್ಲ. ಪಿ0700 ಒಂದನ್ನೇ ನೋಡಿ ಬಾಕ್ಸ್ ಕೆಟ್ಟಿದೆ ಎಂದು ಯಾರಾದರೂ ತೀರ್ಮಾನಿಸಿದರೆ ಒಪ್ಪಬೇಡಿ.

ಉಳಿದವುಗಳಲ್ಲಿ ಯಾವುದು ಬಾಕ್ಸ್ ಇಳಿಸದೆ ಮುಗಿಯುವ ಕೆಲಸ, ಯಾವುದು ಅಲ್ಲ ಎಂದು ಬೇರ್ಪಡಿಸಿಕೊಳ್ಳುವುದು ಮುಖ್ಯ. ಪಿ0705 ಬಂದರೆ ಲಿವರ್ ಯಾವ ಜಾಗದಲ್ಲಿದೆ ಎಂದು ತಿಳಿಸುವ ರೇಂಜ್ ಸ್ವಿಚ್. ಅದು ಸಾಮಾನ್ಯವಾಗಿ ಬಾಕ್ಸಿನ ಹೊರಗೇ ಇರುತ್ತದೆ. ಪಿ0715 ಬಾಕ್ಸಿನ ಒಳಬರುವ ಶಾಫ್ಟಿನ ವೇಗದ ಸೆನ್ಸರ್, ಪಿ0720 ಹೊರಹೋಗುವ ಶಾಫ್ಟಿನದು. ಬಹಳ ಗಾಡಿಗಳಲ್ಲಿ ಒಂದು ಬೋಲ್ಟ್ ಬಿಚ್ಚಿದರೆ ಕೈಗೆ ಬರುತ್ತದೆ. ಪಿ0710 ಆಯಿಲ್ ತಾಪದ ಸೆನ್ಸರ್. ಪಿ0750, ಪಿ0755 ಗಿಯರ್ ಬದಲಿಸುವ ಸೊಲೆನಾಯ್ಡುಗಳು. ಇವಕ್ಕೆ ಕೆಳಗಿನ ಪ್ಯಾನ್ ಬಿಚ್ಚಿದರೆ ಸಾಕಾಗುವುದುಂಟು. ಪಿ0730 ಬಂದರೆ ಗಂಭೀರ. ಕಂಪ್ಯೂಟರ್ ಕೇಳಿದ ಗಿಯರಿಗೂ ಚಕ್ರ ತಿರುಗಿದ ಅಳತೆಗೂ ತಾಳೆಯಾಗುತ್ತಿಲ್ಲ, ಒಳಗೆ ಜಾರುತ್ತಿದೆ. ಪಿ0741 ಎಂದರೆ ಟಾರ್ಕ್ ಕನ್ವರ್ಟರಿನ ಲಾಕಪ್ (ಸಮ ವೇಗದಲ್ಲಿ ಎಂಜಿನ್ನನ್ನು ಬಾಕ್ಸಿಗೆ ನೇರವಾಗಿ ಬಿಗಿಯುವ ಕ್ಲಚ್) ಹಿಡಿಯುತ್ತಿಲ್ಲ. ಯು0101 ಬಂದರೆ ಗಿಯರ್ ಬಾಕ್ಸ್ ಕಂಪ್ಯೂಟರ್ ಮಾತೇ ಆಡುತ್ತಿಲ್ಲ, ಫ್ಯೂಸ್, ವೈರು, ಕನೆಕ್ಟರ್ ಮೊದಲು ನೋಡಿ.

ಸೊಲೆನಾಯ್ಡ್ ಕೋಡ್ ಬಂದಾಗ ಅಂದಾಜಿನಲ್ಲಿ ಹೊಸದು ಕೊಳ್ಳಬೇಡಿ. ಬಾಕ್ಸಿನ ಕನೆಕ್ಟರ್ ಬಿಚ್ಚಿ ಮಲ್ಟಿಮೀಟರಿನಿಂದ ಓಮ್ ಅಳೆಯಿರಿ. ಟೊಯೋಟಾದ ಹಳೆಯ ಬಾಕ್ಸುಗಳಲ್ಲಿ ಆನ್-ಆಫ್ ಶಿಫ್ಟ್ ಸೊಲೆನಾಯ್ಡಿಗೆ ತಣ್ಣಗಿದ್ದಾಗ 11ರಿಂದ 15 ಓಮ್, ಒತ್ತಡ ನಿಯಂತ್ರಿಸುವ ಲೀನಿಯರ್ ಸೊಲೆನಾಯ್ಡಿಗೆ 5ರಿಂದ 5.6 ಓಮ್. ಹುಂಡೈನ ಕೆಲವು 4-ಸ್ಪೀಡ್ ಬಾಕ್ಸುಗಳಲ್ಲಿ 3 ಓಮ್ ಆಸುಪಾಸು. ಟೊಯೋಟಾದ ಅಂಕಿ ಇಟ್ಟುಕೊಂಡು ಹುಂಡೈ ಅಳೆದರೆ ಒಳ್ಳೆಯ ಸೊಲೆನಾಯ್ಡನ್ನೇ ಶಾರ್ಟ್ ಆಗಿದೆ ಎಂದುಕೊಳ್ಳುವಿರಿ. ಬಾಕ್ಸ್ ಬಿಸಿಯಾಗಿದ್ದಾಗ ಇನ್ನೊಮ್ಮೆ ಅಳೆಯಿರಿ. ತಣ್ಣಗಿದ್ದಾಗ ಸರಿ ಇದ್ದು ಬಿಸಿಯಾದಾಗ ಸುರುಳಿ ಕಡಿಯುವ ಸೊಲೆನಾಯ್ಡ್ ನಮ್ಮ ಬೇಸಿಗೆಯಲ್ಲಿ ಮಧ್ಯಾಹ್ನ ಮಾತ್ರ ತೊಂದರೆ ಕೊಡುತ್ತದೆ, ಬೆಳಿಗ್ಗೆ ಗ್ಯಾರೇಜಿಗೆ ಒಯ್ದರೆ ಗಾಡಿ ಚೆನ್ನಾಗೇ ಓಡುತ್ತದೆ.

ಅಡಾಪ್ಟರಿನ ನಿಜವಾದ ಕೆಲಸ: ಭಾಗಾಕಾರ

ಆರ್‌ಪಿಎಂ ಮತ್ತು ವೇಗ, ಈ ಎರಡು ಅಂಕಿ ಸಾಕು. ಲಾಕಪ್ ಹಿಡಿದಿರುವಾಗ ಎಂಜಿನ್ನೂ ಚಕ್ರವೂ ಜಾರದಂತೆ ನೇರವಾಗಿ ಜೋಡಣೆಯಾಗಿರುತ್ತವೆ. ಆದ್ದರಿಂದ ಆರ್‌ಪಿಎಂ ಅನ್ನು ವೇಗದಿಂದ ಭಾಗಿಸಿದರೆ ಬರುವ ಅಂಕಿ ಆ ಗಿಯರಿನಲ್ಲಿ ಬದಲಾಗಬಾರದು. ಉದಾಹರಣೆಗೆ ಟಾಪ್ ಗಿಯರಿನಲ್ಲಿ 60 ಕಿ.ಮೀ. ವೇಗಕ್ಕೆ 1,800 ಬಂದರೆ ಭಾಗಲಬ್ಧ 30. ಆಗ 80ಕ್ಕೆ 2,400, 100ಕ್ಕೆ 3,000 ಬರಬೇಕು. 80ರಲ್ಲಿ 2,750 ಬಂದರೆ ಅಂಕಿ 34 ದಾಟಿತು, ಎಲ್ಲೋ ಜಾರುತ್ತಿದೆ. ನಿಮ್ಮ ಗಾಡಿಯ ಅಂಕಿ ಬೇರೆ ಇರುತ್ತದೆ. ಗಾಡಿ ಚೆನ್ನಾಗಿರುವಾಗಲೇ ಒಮ್ಮೆ ಬರೆದಿಟ್ಟುಕೊಂಡರೆ ಮುಂದೆ ಅದು ಬಹಳ ಬೆಲೆಬಾಳುತ್ತದೆ. ಎರಡೂ ಆ್ಯಪ್‌ಗಳು ಓಡುವಾಗಿನ ಅಂಕಿಗಳನ್ನು ಫೈಲಿಗೆ ಬರೆದಿಡುತ್ತವೆ, ಮನೆಗೆ ಬಂದು ನೋಡಬಹುದು. ಸ್ಟೀರಿಂಗ್ ಹಿಡಿದವರು ಫೋನ್ ನೋಡಬಾರದು, ಪಕ್ಕದ ಸೀಟಿನಲ್ಲಿ ಒಬ್ಬರು ಇರಲೇಬೇಕು. ಬಳ್ಳಾರಿಯಿಂದ ಕುಡತಿನಿ, ತೋರಣಗಲ್ಲಿನ ಕಡೆ ಹೋಗುವ 67ನೇ ಹೆದ್ದಾರಿಯಲ್ಲಿ ಅದಿರು ಲಾರಿಗಳ ಸಾಲು ಶುರುವಾಗುವ ಮುನ್ನ ಬೆಳಗಿನ ಜಾವ ಹೊರಟರೆ 80ರ ವೇಗವನ್ನು ಒಂದೇ ಸಮ ಹಿಡಿಯಲು ಜಾಗ ಸಿಗುತ್ತದೆ.

ಅಂಕಿ ಏರಿದ್ದು ಕ್ಲಚ್ ಜಾರಿದ್ದಕ್ಕೋ, ಲಾಕಪ್ ಹಿಡಿಯದ್ದಕ್ಕೋ ಎಂದು ತಿಳಿಯಲು ಇನ್ನೊಂದು ಪರೀಕ್ಷೆ. ಹಿಂದೆ ಯಾವ ಗಾಡಿಯೂ ಇಲ್ಲದ ಕಡೆ, 80ರಲ್ಲಿ ಆಕ್ಸಿಲರೇಟರ್ ಅಲುಗಿಸದೆ, ಎಡಗಾಲಿನಿಂದ ಬ್ರೇಕ್ ಪೆಡಲನ್ನು ಲೈಟ್ ಹತ್ತುವಷ್ಟು ಮಾತ್ರ ಮುಟ್ಟಿ. ಬ್ರೇಕ್ ಸಂಕೇತ ಬಂದ ಕೂಡಲೇ ಕಂಪ್ಯೂಟರ್ ಲಾಕಪ್ ಬಿಡಿಸುತ್ತದೆ, ಆರ್‌ಪಿಎಂ 200ರಿಂದ 400 ಏರುತ್ತದೆ, ಕಾಲು ತೆಗೆದ ಮೇಲೆ ಮತ್ತೆ ಇಳಿಯುತ್ತದೆ. ಹೀಗಾದರೆ ಲಾಕಪ್ ಸರಿ ಇದೆ. ಏನೂ ಬದಲಾಗದಿದ್ದರೆ ಲಾಕಪ್ ಮೊದಲಿಂದಲೂ ಹಿಡಿದೇ ಇರಲಿಲ್ಲ.

ಲಾಕಪ್ ಹಿಡಿಯದಿದ್ದಕ್ಕೆ ಕನ್ವರ್ಟರನ್ನೇ ದೂರುವ ಮೊದಲು ಎರಡು ಅಗ್ಗದ ಕಾರಣ ನೋಡಿ. ಒಂದು ಬ್ರೇಕ್ ಲೈಟ್ ಸ್ವಿಚ್. ಅದು ಒತ್ತಿದಂತೆಯೇ ಅಂಟಿಕೊಂಡಿದ್ದರೆ ಹಿಂದಿನ ದೀಪ ಸದಾ ಉರಿಯುತ್ತಿರುತ್ತದೆ, ಲಾಕಪ್ ಎಂದೂ ಹಿಡಿಯುವುದಿಲ್ಲ. (ಅದೇ ಸ್ವಿಚ್ ಸತ್ತರೆ ಅಥವಾ ಅದರ ಫ್ಯೂಸ್ ಹೋದರೆ ಲಿವರ್ ಪಿ ಬಿಟ್ಟು ಹೊರಬರುವುದಿಲ್ಲ. ಹತ್ತಾರು ರೂಪಾಯಿಯ ಫ್ಯೂಸಿನ ಕೆಲಸ.) ಇನ್ನೊಂದು ಥರ್ಮೋಸ್ಟಾಟ್. ಎಂಜಿನ್ ಸಾಕಷ್ಟು ಬಿಸಿಯಾಗುವವರೆಗೆ ಕಂಪ್ಯೂಟರ್ ಲಾಕಪ್ಪನ್ನೂ ಹಲವು ಗಾಡಿಗಳಲ್ಲಿ ಓವರ್‌ಡ್ರೈವನ್ನೂ (ಟಾಪ್ ಗಿಯರ್) ತಡೆಹಿಡಿಯುತ್ತದೆ. ಹೀಟಾಗುತ್ತದೆ ಎಂಬ ಭಯಕ್ಕೆ ಥರ್ಮೋಸ್ಟಾಟನ್ನೇ ಕಿತ್ತೆಸೆಯುವ ಅಭ್ಯಾಸ ಬಿಸಿಲೂರುಗಳಲ್ಲಿ ಇದೆ. ಅದು ತಪ್ಪು. ಹೆದ್ದಾರಿಯಲ್ಲಿ ಕೂಲೆಂಟ್ ತಾಪ 85ರಿಂದ 95 ಡಿಗ್ರಿಯ ನಡುವೆ ನಿಲ್ಲಬೇಕು. ಆ್ಯಪ್‌ನಲ್ಲಿ ಅದು 65ರಲ್ಲೇ ಓಲಾಡುತ್ತಿದ್ದರೆ ಗಿಯರ್ ಬಾಕ್ಸ್ ನಿರಪರಾಧಿ.

ಕ್ಲಚ್ಚೇ ಜಾರುತ್ತಿದ್ದರೆ ಯಾವ ಗಿಯರಿನಲ್ಲಿ ಎಂಬುದು ಮುಖ್ಯ. ಎಲ್ಲ ಗಿಯರಿನಲ್ಲೂ ಜಾರಿದರೆ ಆಯಿಲ್ ಮಟ್ಟ, ಫಿಲ್ಟರ್, ಪಂಪ್, ಒತ್ತಡ. ಕೆಲವದರಲ್ಲಿ ಮಾತ್ರ ಜಾರಿದರೆ ಆ ಗಿಯರಿನ ಕ್ಲಚ್. ಹುಂಡೈನ 4-ಸ್ಪೀಡಿನಲ್ಲಿ ಅಂಡರ್‌ಡ್ರೈವ್ ಕ್ಲಚ್ 1, 2, 3ರಲ್ಲಿ ಹಿಡಿಯುತ್ತದೆ, ಓವರ್‌ಡ್ರೈವ್ ಕ್ಲಚ್ 3 ಮತ್ತು 4ರಲ್ಲಿ, ಸೆಕೆಂಡ್ ಬ್ರೇಕ್ (ಚಕ್ರದ ಬ್ರೇಕಲ್ಲ, ಬಾಕ್ಸಿನೊಳಗಿನದು) 2 ಮತ್ತು 4ರಲ್ಲಿ. 1 ಮತ್ತು 2 ಗಟ್ಟಿಯಾಗಿದ್ದು 3, 4 ಎರಡೂ ಜಾರಿದರೆ ಓವರ್‌ಡ್ರೈವ್ ಕ್ಲಚ್ ಎಂದು ಬಾಕ್ಸ್ ಬಿಚ್ಚದೆಯೇ ಹೇಳಬಹುದು. ಗಾಡಿ ಯಾವಾಗಲೂ 3ನೇ ಗಿಯರಿನಲ್ಲೇ ಹೊರಡುತ್ತಿದ್ದರೆ, ಎತ್ತಿನ ಬಂಡಿಗಿಂತ ನಿಧಾನವಾಗಿ ಹೊರಟು 60ರ ಮೇಲೆ ಕೂಗುತ್ತಿದ್ದರೆ, ಅದು ಕ್ಲಚ್ ಜಾರಿದ್ದಲ್ಲ. ದೋಷ ಕಂಡ ಕಂಪ್ಯೂಟರ್ ಬಾಕ್ಸನ್ನು ರಕ್ಷಿಸಲು ಲಿಂಪ್ ಮೋಡಿಗೆ ಹಾಕಿದೆ. ಆಗ ಡ್ಯಾಶ್‌ಬೋರ್ಡಿನಲ್ಲಿ ಹೋಂಡಾದ ಡಿ ದೀಪ ಅಥವಾ ಟೊಯೋಟಾದ ಓವರ್‌ಡ್ರೈವ್ ಆಫ್ ದೀಪ ಮಿಣುಕುತ್ತದೆ.

ಥ್ರಾಟಲ್ ಅಂಕಿಯನ್ನೂ ಒಮ್ಮೆ ನೋಡಿ. ಎಂಜಿನ್ ಆರಿಸಿ ಕೀ ಆನ್ ಮಾಡಿ, ಪೆಡಲನ್ನು ತೀರ ನಿಧಾನ ಒತ್ತುತ್ತ ಹೋಗಿ. ಪೆಡಲ್ ಒತ್ತದಿರುವಾಗ ಶೇ. 10ರಿಂದ 18 ತೋರಿಸುವುದು ಸಹಜ. ಮೇಲೇರುವಾಗ ಅಂಕಿ ಜಿಗಿಯಬಾರದು, ನಡುವೆ ಬೀಳಬಾರದು. ಗಿಯರ್ ಯಾವಾಗ ಬದಲಿಸಬೇಕು, ಎಷ್ಟು ಒತ್ತಡ ಕೊಡಬೇಕು ಎಂಬುದನ್ನು ಕಂಪ್ಯೂಟರ್ ಈ ಅಂಕಿಯಿಂದಲೇ ಲೆಕ್ಕ ಹಾಕುತ್ತದೆ. ಸವೆದ ಥ್ರಾಟಲ್ ಸೆನ್ಸರ್ ಗಟ್ಟಿ ಜರ್ಕ್ ಕೊಟ್ಟು ಬಾಕ್ಸಿನ ಮೇಲೆ ಅಪವಾದ ತರುತ್ತದೆ.

ಅಡಾಪ್ಟರ್ ಬೇಡದ ಎರಡು ಪರೀಕ್ಷೆ

ಎನ್ ನಿಂದ ಡಿ ಗೆ ಹಾಕಿದ ಮೇಲೆ ಗಾಡಿ ಎಳೆದಂತೆ ಅನ್ನಿಸುವವರೆಗೆ ಎಷ್ಟು ಹೊತ್ತು? ಟೊಯೋಟಾದ ಮಾನದಂಡ ಡಿ ಗೆ 1.2 ಸೆಕೆಂಡಿಗಿಂತ ಕಡಿಮೆ, ಆರ್ ಗೆ 1.5ಕ್ಕಿಂತ ಕಡಿಮೆ. ಬಾಕ್ಸ್ ಬಿಸಿ ಇರಬೇಕು, ಎ.ಸಿ. ಆಫ್, ಒಂದೊಂದು ಸಲಕ್ಕೂ ಒಂದು ನಿಮಿಷದ ಬಿಡುವು. ಎರಡೂ ತಡವಾದರೆ ಒತ್ತಡ ಕಡಿಮೆ. ಡಿ ಮಾತ್ರ ತಡವಾದರೆ ಮುಂದಕ್ಕೆ ಎಳೆಯುವ ಕ್ಲಚ್. ತಡವಿಲ್ಲದೆ ಧಡ್ ಎಂದು ಹೊಡೆದರೆ ಮೊದಲು ಐಡಲ್ ಆರ್‌ಪಿಎಂ ನೋಡಿ. 650ರಿಂದ 800 ಇರಬೇಕಾದದ್ದು 1,100ರಲ್ಲಿ ನಿಂತಿದ್ದರೆ ಥ್ರಾಟಲ್ ಬಾಡಿಯ ಮಸಿ ತೊಳೆಸಿ. ಐಡಲ್ ಸರಿ ಇದ್ದರೆ ಬಾನೆಟ್ ತೆಗೆದು ಒಬ್ಬರು ಎಂಜಿನ್ ಮೌಂಟ್ ನೋಡುತ್ತಿರುವಾಗ ಇನ್ನೊಬ್ಬರು ಬ್ರೇಕ್ ಒತ್ತಿ ಡಿ, ಆರ್ ಬದಲಿಸಲಿ. ಹರಿದ ಮೌಂಟ್ ಇದ್ದರೆ ಎಂಜಿನ್ ಎದ್ದು ಕೂತದ್ದು ಕಣ್ಣಿಗೇ ಕಾಣುತ್ತದೆ. ನೋಡುವವರು ಗಾಡಿಯ ಎದುರು ನಿಲ್ಲಬಾರದು, ಪಕ್ಕದಲ್ಲಿ ನಿಲ್ಲಬೇಕು.

ಎರಡನೆಯದು ಸ್ಟಾಲ್ ಪರೀಕ್ಷೆ. ಇದು ಟಾರ್ಕ್ ಕನ್ವರ್ಟರ್ ಬಾಕ್ಸಿಗೆ ಮಾತ್ರ, ಸಿವಿಟಿ (ಬೆಲ್ಟಿನದು), ಡಿಎಸ್‌ಜಿ (ಎರಡು ಕ್ಲಚ್ಚಿನದು), ಎಎಂಟಿ (ಮೋಟಾರು ನಡೆಸುವ ಮ್ಯಾನುಯಲ್ ಬಾಕ್ಸು) ಇವಕ್ಕೆ ಖಂಡಿತ ಮಾಡಬಾರದು. ನಾಲ್ಕೂ ಚಕ್ರಕ್ಕೆ ಕಲ್ಲು ಕೊಟ್ಟು, ಹ್ಯಾಂಡ್ ಬ್ರೇಕ್ ಎಳೆದು, ಕಾಲಿನ ಬ್ರೇಕ್ ಬಲವಾಗಿ ಒತ್ತಿ, ಡಿ ಯಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ. ಐದು ಸೆಕೆಂಡಿಗಿಂತ ಹೆಚ್ಚು ಬೇಡ. ಆರ್‌ಪಿಎಂ ಎಷ್ಟರಲ್ಲಿ ನಿಂತಿತು ನೋಡಿ, ಆಮೇಲೆ ಎನ್ ನಲ್ಲಿ ಒಂದು ನಿಮಿಷ ತಣಿಸಿ. ಬಹುಪಾಲು ಗಾಡಿಗಳಲ್ಲಿ 2,000ದಿಂದ 3,000ದ ನಡುವೆ ನಿಲ್ಲುತ್ತದೆ, ನಿಖರ ಅಂಕಿ ಸರ್ವಿಸ್ ಕೈಪಿಡಿಯಲ್ಲಿರುತ್ತದೆ. ಅದನ್ನು ಮೀರಿ ಏರಿದರೆ ಒಳಗೆ ಜಾರುತ್ತಿದೆ. ತೀರ ಕಡಿಮೆ ಇದ್ದರೆ ಎಂಜಿನ್ನಿಗೇ ಶಕ್ತಿ ಇಲ್ಲ, ಅಥವಾ ಕನ್ವರ್ಟರಿನೊಳಗಿನ ಒನ್-ವೇ ಕ್ಲಚ್ ಹೋಗಿದೆ. ಆಯಿಲ್ ಕಪ್ಪಾಗಿರುವ ಗಾಡಿಗೆ ಈ ಪರೀಕ್ಷೆ ಮಾಡಬೇಡಿ, ಉಳಿದ ಜೀವವೂ ಹೋಗುತ್ತದೆ.

ನಮ್ಮ ಬಿಸಿಲು, ನಮ್ಮ ದೂಳು

ಎಟಿಎಫ್ 80ರಿಂದ 95 ಡಿಗ್ರಿಯಲ್ಲಿ ನೆಮ್ಮದಿಯಾಗಿರುತ್ತದೆ, 120 ದಾಟಿದರೆ ಬೇಗ ಕೆಡುತ್ತದೆ. ಹೊರಗೆ 40 ಡಿಗ್ರಿ ದಾಟುವ ಊರಿನಲ್ಲಿ, ಸಂಡೂರಿನ ಗುಡ್ಡದ ದಾರಿಯಲ್ಲಿ ಲಾರಿಗಳ ಹಿಂದೆ ತೆವಳುತ್ತ ಹೋದರೆ ಆ ಗಡಿ ದೂರವೇನಲ್ಲ. ಅಡಾಪ್ಟರ್ ಎಟಿಎಫ್ ತಾಪ ತೋರಿಸುವುದು ಕೆಲವು ಗಾಡಿಗಳಲ್ಲಿ ಮಾತ್ರ. ತೋರಿಸದಿದ್ದರೆ ಇನ್‌ಫ್ರಾರೆಡ್ ಥರ್ಮಾಮೀಟರ್ ಹಿಡಿದು ಬಾಕ್ಸಿನ ಪ್ಯಾನ್ ಅಳೆಯಿರಿ. ಹೊಳೆಯುವ ಅಲ್ಯೂಮಿನಿಯಂ ಮೇಲೆ ಅದು ಕಡಿಮೆ ತೋರಿಸುತ್ತದೆ, ಕಪ್ಪು ಇನ್ಸುಲೇಶನ್ ಟೇಪಿನ ತುಂಡು ಅಂಟಿಸಿ ಅದರ ಮೇಲೆ ಅಳೆಯಬೇಕು. ಅದಿರಿನ ಕೆಂಪು ದೂಳು ಎ.ಸಿ. ಕಂಡೆನ್ಸರಿಗೂ ರೇಡಿಯೇಟರಿಗೂ ನಡುವೆ ಕೂತು ಗಟ್ಟಿಯಾಗುತ್ತದೆ. ಎದುರಿನಿಂದ ನೋಡಿದರೆ ಕಾಣುವುದಿಲ್ಲ. ಎರಡನ್ನೂ ಬೇರ್ಪಡಿಸಿ ಹಿಂದಿನಿಂದ ಮುಂದಕ್ಕೆ ನೀರು ಹಾಯಿಸಿ ತೊಳೆಸಿ, ಪ್ರೆಷರ್ ವಾಶ್ ಹತ್ತಿರ ಹಿಡಿದರೆ ರೆಕ್ಕೆ ಮಡಚಿಕೊಳ್ಳುತ್ತವೆ.

ಅದೇ ದೂಳು ಮೊದಲ ಮಳೆಗೆ ಕೆಸರಾಗಿ ರೇಂಜ್ ಸ್ವಿಚ್ಚಿನ ಕನೆಕ್ಟರಿಗೆ ಹೋಗುತ್ತದೆ. ಪಿ ಯಲ್ಲಿ ಸ್ಟಾರ್ಟ್ ಆಗದೆ ಎನ್ ನಲ್ಲಿ ಆಗುವುದು, ಡ್ಯಾಶ್‌ಬೋರ್ಡಿನಲ್ಲಿ ಗಿಯರ್ ಅಕ್ಷರ ಮಾಯವಾಗುವುದು, ಓಡುತ್ತಿರುವಾಗ ಇದ್ದಕ್ಕಿದ್ದಂತೆ ಲಿಂಪ್ ಮೋಡ್, ಇವೆಲ್ಲ ಅದರ ಲಕ್ಷಣ. ಕನೆಕ್ಟರ್ ಬಿಚ್ಚಿ ಎಲೆಕ್ಟ್ರಾನಿಕ್ ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಒಣಗಿಸಿ ಹಾಕಿದರೆ ಹಲವು ಸಲ ಅಲ್ಲಿಗೇ ಮುಗಿಯುತ್ತದೆ.

ಗ್ಯಾರೇಜಿನಲ್ಲಿ

ಕೋಡ್ ಅಳಿಸುವ ಮುನ್ನ ಸ್ಕ್ರೀನ್‌ಶಾಟ್ ತೆಗೆಯಿರಿ, ಫ್ರೀಜ್ ಫ್ರೇಮ್ ಇದ್ದರೆ ಅದನ್ನೂ. ಕೋಡ್ ಬಂದ ಕ್ಷಣದ ವೇಗ, ಆರ್‌ಪಿಎಂ, ತಾಪ ಅದರಲ್ಲಿರುತ್ತದೆ, ಅಳಿಸಿದರೆ ಮತ್ತೆ ಸಿಗುವುದಿಲ್ಲ. ಮೆಕ್ಯಾನಿಕ್ ಬಾಕ್ಸ್ ಇಳಿಸುವ ಮಾತೆತ್ತಿದರೆ ಲೈನ್ ಪ್ರೆಷರ್ (ಬಾಕ್ಸಿನೊಳಗಿನ ಆಯಿಲ್ ಒತ್ತಡ) ಅಳೆದಿದ್ದಾರೆಯೇ ಎಂದು ಕೇಳಿ. ಬಹಳ ಬಾಕ್ಸುಗಳಲ್ಲಿ ಗೇಜ್ ಹಾಕಲು ಹೊರಗೇ ಪ್ಲಗ್ ಇರುತ್ತದೆ. ಈ ಒಂದು ಅಳತೆ ಅಡಾಪ್ಟರಿನಿಂದ ಸಾಧ್ಯವಿಲ್ಲ, ಬಾಕ್ಸ್ ಬಿಚ್ಚುವ ನಿರ್ಧಾರ ಅದಿಲ್ಲದೆ ಆಗಬಾರದು.

ಎಟಿಎಫ್ ಬದಲಿಸುವುದಾದರೆ ಡಬ್ಬಿಯ ಮೇಲಿನ ಸ್ಪೆಸಿಫಿಕೇಶನ್ ಓದಿ. ಐ10 ಕಾಲದ ಹುಂಡೈ 4-ಸ್ಪೀಡಿಗೆ ಎಸ್‌ಪಿ-3, ಹೋಂಡಾದ ಟಾರ್ಕ್ ಕನ್ವರ್ಟರ್ ಬಾಕ್ಸಿಗೆ ಹಳೆಯ ಝಡ್-1ರ ಜಾಗಕ್ಕೆ ಬಂದ ಡಿಡಬ್ಲ್ಯು-1, ಟೊಯೋಟಾಗೆ ಮಾಡೆಲ್ ನೋಡಿ ಟಿ-4 ಅಥವಾ ಡಬ್ಲ್ಯುಎಸ್. ಪವರ್ ಸ್ಟೀರಿಂಗಿಗೆ ಹಾಕುವ ಡೆಕ್ಸ್‌ರಾನ್ 3 ಕೂಡ ಕೆಂಪಗೇ ಇರುತ್ತದೆ, ಅಂಗಡಿಯಲ್ಲಿ "ಎಲ್ಲಾ ಒಂದೇ ರೀ" ಎಂದು ಅದನ್ನೇ ಕೊಡುವುದುಂಟು. ಅದರ ಘರ್ಷಣೆಯ ಗುಣ ಬೇರೆ, ಈ ಬಾಕ್ಸುಗಳಲ್ಲಿ ಲಾಕಪ್ ನಡುಗುತ್ತದೆ. ಪ್ಲಗ್ ಬಿಚ್ಚಿ ಇಳಿಸಿದರೆ ಅರ್ಧಕ್ಕಿಂತ ಕಡಿಮೆ ಆಯಿಲ್ ಹೊರಬರುತ್ತದೆ, ಉಳಿದದ್ದು ಕನ್ವರ್ಟರಿನಲ್ಲೇ ಇರುತ್ತದೆ. ಇಳಿಸಿದಷ್ಟನ್ನೇ ಅಳೆದು ಹಾಕಿ, ಕೆಲವು ದಿನ ಓಡಿಸಿ ಮತ್ತೆ ಬದಲಿಸಿ, ಹೀಗೆ ಎರಡು ಮೂರು ಸುತ್ತು. ಮಷೀನಿನಲ್ಲಿ ಒತ್ತಡ ಕೊಟ್ಟು ಫ್ಲಶ್ ಮಾಡಿಸುವುದು ಬಹಳ ವರ್ಷ ಆಯಿಲ್ ಬದಲಿಸದ ಬಾಕ್ಸಿಗೆ ಅಪಾಯ. ಪ್ಯಾನಿನಲ್ಲಿ ಕೂತ ಕೊಳೆ ಎದ್ದು ವಾಲ್ವುಗಳಿಗೆ ಹೋಗುತ್ತದೆ.

ಪೋಲೋ, ರಾಪಿಡ್ ಕುಟುಂಬದ ಡಿಎಸ್‌ಜಿ ಇರುವವರಿಗೆ ಈ ಅಡಾಪ್ಟರ್ ಸಾಲದು. ಆ ಬಾಕ್ಸಿನ ಕ್ಲಚ್ ಅಳತೆ ಓದಲು, ಬೇಸಿಕ್ ಸೆಟ್ಟಿಂಗ್ ಮಾಡಲು ಆ ಬ್ರ್ಯಾಂಡಿನದೇ ಭಾಷೆ ಬಲ್ಲ ವಿಸಿಡಿಎಸ್ ಅಥವಾ ಓಬಿಡಿಇಲೆವೆನ್ ಸ್ಕ್ಯಾನರ್ ಬೇಕು. 2014ರ ಸೆಲೆರಿಯೊದಿಂದ ಶುರುವಾದ ಎಎಂಟಿ ಗಾಡಿಗಳಲ್ಲಿರುವುದು ಮ್ಯಾನುಯಲ್ ಬಾಕ್ಸೇ, ಕ್ಲಚ್ ಒತ್ತುವುದು ಮೋಟಾರು ಮತ್ತು ಹೈಡ್ರಾಲಿಕ್. ಅದಕ್ಕೆ ಇಲ್ಲಿ ಹೇಳಿದ ಲಾಕಪ್ ಪರೀಕ್ಷೆ, ಎಟಿಎಫ್ ಬಣ್ಣ ಯಾವುದೂ ಅನ್ವಯಿಸುವುದಿಲ್ಲ. ಕ್ಲಚ್ ಬದಲಿಸಿದ ಮೇಲೆ ಕಂಪ್ಯೂಟರಿಗೆ ಹೊಸ ಅಳತೆ ಕಲಿಸುವ ಕೆಲಸವನ್ನು ಕಂಪನಿಯ ಸ್ಕ್ಯಾನರ್ ಇರುವಲ್ಲೇ ಮಾಡಿಸಬೇಕು. 2008ಕ್ಕೆ ಮುಂಚಿನ ಸಿಟಿ ಝಡ್‌ಎಕ್ಸ್ ಸಿವಿಟಿಗೆ ಅದರದೇ ಮಲ್ಟಿಮ್ಯಾಟಿಕ್ ಫ್ಲೂಯಿಡ್, ಸಾದಾ ಎಟಿಎಫ್ ತಪ್ಪಿಯೂ ಬೇಡ. ಉಳಿದಂತೆ ಐ10, ವರ್ನಾ, ಎಸ್‌ಎಕ್ಸ್4, 2008ರಿಂದ 2013ರವರೆಗಿನ ಸಿಟಿ, ಹಳೆಯ ಆಲ್ಟಿಸ್ ಇಟ್ಟುಕೊಂಡವರು ಅಡಾಪ್ಟರ್ ಜೊತೆಗೆ ಒಂದು ಮಲ್ಟಿಮೀಟರ್, ಒಂದು ಇನ್‌ಫ್ರಾರೆಡ್ ಥರ್ಮಾಮೀಟರ್ ಸೇರಿಸಿ ಕೊಳ್ಳಿ. ಮೂರೂ ಸೇರಿದರೂ ಬೆಂಗಳೂರಿಗೆ ಹೋಗುವ ಫ್ಲ್ಯಾಟ್‌ಬೆಡ್ಡಿನ ಒಂದು ಬಾಡಿಗೆಗಿಂತ ಕಡಿಮೆಯೇ ಆಗುತ್ತದೆ.